ಕಂಬಳಿ ಹೊದ್ದು ಮಾನ್ವಿಗೆ ಹೋದ ಕಂಪ್ಯೂಟರ್

ಬೆಳಿಗ್ಗೆ ಎದ್ದವನೇ ಕಂಪ್ಯೂಟರಿನ ಗುಂಡಿ ಒತ್ತಿ ಗಡ್ಡ ಮಾಡಿಕೊಳ್ಳಲು ಹೋಗುವುದು ನನ್ನ ಹಳೆಯ ರೂಢಿ. ಎರಡೂ ಒಟ್ಟಿಗೆ ಶುರುವಾದರೆ ಗಡ್ಡವೇ ಮೊದಲು ಮುಗಿಯುತ್ತಿತ್ತು. ಮುಖ ತೊಳೆದು, ಚಹಾ ಕುಡಿದು, ಪೇಪರಿನಲ್ಲಿ ಕಾಲುವೆಗೆ ನೀರು ಬಿಡುವ ಸುದ್ದಿ ಓದಿ ಬಂದರೂ ಅದು ಗುರ್ ಎನ್ನುತ್ತ ಇನ್ನೂ ಯೋಚನೆಯಲ್ಲೇ ಇರುತ್ತಿತ್ತು. ನಾನು ಕುರ್ಚಿ ಎಳೆದುಕೊಂಡು ಕೂತು ಅದರ ಮಗ್ಗುಲಿಗೆ ಅಂಗೈ ಇಡುತ್ತಿದ್ದೆ. ನೌಕರಿಯನ್ನೆಲ್ಲ ಪಶು ಆಸ್ಪತ್ರೆಯಲ್ಲಿ ಕಂಪೌಂಡರನಾಗಿ ಕಳೆದವನು ನಾನು. ದೇವದುರ್ಗ, ಸಿರವಾರ, ಯಾಪಲದಿನ್ನಿ ಅಂತ ತಿರುಗಿ ಎಮ್ಮೆ, ಆಡು, ಕುರಿಗಳ ಮಗ್ಗುಲು ಮುಟ್ಟಿ ಜ್ವರ ನೋಡಿದ ಕೈ. ನಿವೃತ್ತಿಯಾದರೂ ಕೈಗೆ ಅದು ಗೊತ್ತಾಗಬೇಕಲ್ಲ.

ನೀವು ನಗಬಹುದು, ನನ್ನ ಹೆಂಡತಿಯೂ ನಗುತ್ತಾಳೆ. ಅದಕ್ಕೂ ಒಂದು ಸೂಜಿ ಚುಚ್ಚಿಬಿಡಿ, ಸಂಜೆಯೊಳಗೆ ಎದ್ದು ಮೇವು ತಿನ್ನಬಹುದು ಅನ್ನುತ್ತಾಳೆ. ಹೊಸದೊಂದು ತಂದುಬಿಡೋಣ ಎಂದು ಅವಳು ಹೇಳಲು ಶುರುಮಾಡಿ ಬಹಳ ಕಾಲವಾಯಿತು. ನಾನು ಹೂಂ ಅನ್ನುತ್ತಿದ್ದೆ, ತರುತ್ತಿರಲಿಲ್ಲ. ಇಷ್ಟಕ್ಕೂ ನಾನು ಕಂಪ್ಯೂಟರಿನಲ್ಲಿ ಮಾಡುವ ಘನಕಾರ್ಯ ಏನು? ಎರಡು ಬೆರಳಿನಲ್ಲಿ ಕುಟ್ಟಿ ಕುಟ್ಟಿ ಇಂಥ ಬರಹ ಬರೆಯುವುದು, ಬರೆದದ್ದನ್ನು ಅಳಿಸುವುದು. ಅಷ್ಟಕ್ಕೆ ಅದರ ವೇಗ ನನ್ನ ವೇಗಕ್ಕೆ ಹೊಂದಿಕೊಂಡಿತ್ತು.

ಅದಕ್ಕೆ ಇನ್ನೊಂದು ವಯಸ್ಸಿನ ಕಾಯಿಲೆಯೂ ಇತ್ತು. ಒಳಗಿನ ಗುಂಡನೆಯ ಸೆಲ್ಲು ಸತ್ತು ಹೋದದ್ದರಿಂದ ರಾತ್ರಿ ಆರಿಸಿದರೆ ಬೆಳಿಗ್ಗೆ ತಾರೀಖು ಮರೆತಿರುತ್ತಿತ್ತು. ತಾನು ಹುಟ್ಟಿದ ಇಸವಿಗೇ ಹೋಗಿ ಕೂತು, ಮೂಲೆಯಲ್ಲಿ ಅದನ್ನೇ ತೋರಿಸುತ್ತಿತ್ತು. ನಾನು ಸರಿ ಮಾಡುವ ಅವಸರ ಮಾಡುತ್ತಿರಲಿಲ್ಲ. ಆ ಇಸವಿಯಲ್ಲಿ ಅವ್ವ ಇದ್ದಳು, ಪಡಸಾಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

ಈ ಕಂಪ್ಯೂಟರನ್ನು ನಾನು ಅಂಗಡಿಯಿಂದ ಕೊಂಡದ್ದಲ್ಲ. ಖಾಜಾ ಕೂಡಿಸಿ ಕೊಟ್ಟದ್ದು. ಖಾಜಾ ಎಂದರೆ ಖಾಜಾ ಹುಸೇನ್, ದೇವದುರ್ಗದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ನಮ್ಮ ಅಪ್ಪ ಕುರಿ ಕಾಯುತ್ತಿದ್ದ, ಅವರ ಅಪ್ಪ ಸಂತೆಯಿಂದ ಸಂತೆಗೆ ಬಟ್ಟೆಯ ಗಂಟು ಹೊತ್ತು ಮಾರುತ್ತಿದ್ದರು. ಇಬ್ಬರೂ ಊರಲ್ಲಿ ಇರುತ್ತಿದ್ದದ್ದೇ ಕಡಿಮೆ. ಹೀಗಾಗಿ ನಾವಿಬ್ಬರೂ ಎರಡೂ ಮನೆಯಲ್ಲಿ ಉಂಡು ಬೆಳೆದೆವು. ಅವನ ಮನೆಯಲ್ಲಿ ದಖ್ಖನಿ, ನಮ್ಮ ಮನೆಯಲ್ಲಿ ಕನ್ನಡ. ಬೈಗುಳ ಮಾತ್ರ ನಾವು ಎರಡರಿಂದಲೂ ಸಮನಾಗಿ ಕಲಿತೆವು.

ಅಪ್ಪ ಅಡವಿಗೆ ಹೋಗುವಾಗ ಹೆಗಲಿಗೆ ಒಂದು ರೇಡಿಯೋ ತೂಗುಹಾಕಿಕೊಳ್ಳುತ್ತಿದ್ದ. ಒಮ್ಮೆ ಅದು ಗಂಟಲು ಕಟ್ಟಿದವರ ಹಾಗೆ ಮಾತಾಡತೊಡಗಿತು. ಅಪ್ಪ ಮಲಗಿದ್ದಾಗ ಖಾಜಾ ಅದನ್ನು ನಮ್ಮ ಕುರಿಹಟ್ಟಿಗೆ ಒಯ್ದು ತರಕಾರಿ ಹೆಚ್ಚುವ ಚಾಕುವಿನಿಂದ ಬಿಚ್ಚಿಬಿಟ್ಟ. ಬಿಚ್ಚಿದ್ದು ಅವನು, ಒದೆ ಬೀಳುವುದು ನನಗೆ ಎಂಬ ಲೆಕ್ಕ ನನಗೆ ಚೆನ್ನಾಗಿ ಗೊತ್ತಿತ್ತು. ಅವನು ಒಳಗಿನದನ್ನೆಲ್ಲ ಒರೆಸಿ, ಊದಿ, ಮತ್ತೆ ಮುಚ್ಚಿದ. ಅಪ್ಪ ಎದ್ದು ತಿರುವಿದಾಗ ರೇಡಿಯೋ ಓಣಿಗೆಲ್ಲ ಕೇಳುವ ಹಾಗೆ ಹಾಡಿತು. ಖಾಜಾನ ಮುಷ್ಟಿಯಲ್ಲಿ ಒಂದು ಸ್ಕ್ರೂ ಉಳಿದಿತ್ತು. ಉಳಿದದ್ದು ಹೆಚ್ಚಿನದು, ಕಂಪನಿಯವರು ತಪ್ಪಿ ಹಾಕಿದ್ದು ಅಂದ. ಮುಂದೆ ರಾಯಚೂರಿನ ತೀನ್ ಕಂದೀಲ್ ಹತ್ತಿರ ಅಂಗಡಿ ಹಾಕಿ ರೇಡಿಯೋದಿಂದ ಟಿವಿಗೆ, ಟಿವಿಯಿಂದ ಕಂಪ್ಯೂಟರಿಗೆ ಬಂದಾಗಲೂ ಅವನ ರಿಪೇರಿಯಲ್ಲಿ ಒಂದು ಸ್ಕ್ರೂ ಉಳಿಯುವುದು ತಪ್ಪಲಿಲ್ಲ. ನಮ್ಮ ಮನೆಯ ಗಾಜಿನ ಶೀಶೆಯೊಂದರಲ್ಲಿ ಅವನ್ನು ಹಾಕಿಟ್ಟಿದ್ದೇನೆ. ಹೆಂಡತಿ ಅದನ್ನು ಸಾಸಿವೆ ಡಬ್ಬಿಯ ಪಕ್ಕದಿಂದ ಎತ್ತಿಡಿ ಎಂದು ಈಗಲೂ ಜಗಳ ಮಾಡುತ್ತಾಳೆ.

ನಾನು ವರ್ಗವಾಗಿ ರಾಯಚೂರಿಗೆ ಬಂದು ಮನೆ ಮಾಡಿದ ಮೇಲೆ ಅವ್ವನೂ ಜೊತೆಗೆ ಬಂದಳು. ಖಾಜಾ ಒಂದು ಮಧ್ಯಾಹ್ನ ಆಟೋದಲ್ಲಿ ಕಂಪ್ಯೂಟರಿನ ಡಬ್ಬಿ ತಂದು ಇಳಿಸಿ, ತಂತಿ ಎಲ್ಲ ಸಿಕ್ಕಿಸಿದ. ಪರದೆಯ ಮೇಲೆ ಬೆಳಕು ಬಂದಾಗ ಅವ್ವ ಒಳಗಿಂದ ಭಂಡಾರದ ಬಟ್ಟಲು ಹಿಡಿದು ಬಂದಳು. ನಮ್ಮ ಕಡೆ ದೇವರಿಗೆ ಹಚ್ಚುವ ಆ ಅರಿಷಿಣದ ಪುಡಿಯನ್ನು ಡಬ್ಬಿಯ ಹಣೆಗೆ ಬಳಿದಳು. ಪ್ರತಿ ಬನ್ನಿ ಹಬ್ಬಕ್ಕೂ ಬಳಿದಳು. ಕಪ್ಪು ಡಬ್ಬಿಯ ಮೂತಿಯಲ್ಲಿ ಆ ಹಳದಿ ಒಂದು ಪದರದ ಮೇಲೊಂದು ಕೂತು ಈಗ ಒರೆಸಿದರೂ ಹೋಗುವುದಿಲ್ಲ. ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೆ ಮನೆಯಲ್ಲಿ ಅದರ ಬಗ್ಗೆ ಎಲ್ಲರಿಗಿಂತ ಹೆಚ್ಚು ಕಾಳಜಿ ಅವಳದೇ. ಹಾಸಿಗೆ ಬಟ್ಟೆ ತುಂಡು ಮಾಡಿ ಅದಕ್ಕೊಂದು ಗವಸು ಹೊಲಿದಿದ್ದಳು, ಚಳಿಗಾಲದಲ್ಲಿ ಮೇಲೊಂದು ಟವೆಲ್ಲು.

ಒಂದು ಬೇಸಿಗೆಯಲ್ಲಿ ನಾವೆಲ್ಲ ಅವಳ ತವರು ಮಸರಕಲ್ಲಿಗೆ ಹೊರಟೆವು. ಕೆಲವು ವಾರ ಮನೆಗೆ ಬೀಗ. ಹೊರಡುವ ಹಿಂದಿನ ದಿನ ಅವ್ವ ಡಬ್ಬಿಯ ಹಿಂದೆ ಇರುವೆಗಳು ಸಾಲಾಗಿ ಒಳಗೆ ಹೋಗುವುದನ್ನು ಕಂಡಿದ್ದಾಳೆ. ನಮಗೆ ಹೇಳಲಿಲ್ಲ, ಹೇಳುವಂಥದ್ದು ಏನಿದೆ ಅವಳ ಪಾಲಿಗೆ? ಜೋಳದ ಚೀಲಕ್ಕೆ, ತೊಗರಿಯ ಗಡಿಗೆಗೆ ಹುಳ ಬಾರದಂತೆ ಜೀವಮಾನವಿಡೀ ಏನು ಮಾಡಿದ್ದಳೋ ಅದನ್ನೇ ಮಾಡಿದಳು. ನೆರಳಿನಲ್ಲಿ ಒಣಗಿಸಿದ ಬೇವಿನ ಎಲೆ ತಂದು, ಹಿಂಭಾಗದಲ್ಲಿ ತಗಡಿನ ಪಟ್ಟಿ ಮುರಿದು ಬಾಯಿ ಬಿಟ್ಟಿದ್ದ ಜಾಗದಿಂದ ಒಳಗೆ ತುಂಬಿದಳು. ಕಂಜೂಸಿ ಮಾಡಲಿಲ್ಲ, ಕೈತುಂಬ ತುಂಬಿದಳು.

ಊರಿಂದ ಬಂದು ಗುಂಡಿ ಒತ್ತಿದೆ. ಕಬ್ಬಿನ ಗಾಣದಂಥ ಸದ್ದು ಬಂತು, ಬೇವಿನ ವಾಸನೆ ಬಂತು, ಆರಿಹೋಯಿತು. ಖಾಜಾ ಬಂದು ಮಗ್ಗುಲಿನ ತಗಡು ಬಿಚ್ಚಿದ ಕೂಡಲೇ ಎಲೆಗಳು ನೆಲದ ಮೇಲೆಲ್ಲ ಸುರಿದವು. ಒಳಗಿನ ಫ್ಯಾನಿನ ರೆಕ್ಕೆಯಲ್ಲಿ ಕಡ್ಡಿ ಸಿಕ್ಕಿಕೊಂಡಿತ್ತು. ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಓಡಿದಳು, ನಾನೂ ನಗುವವನಿದ್ದೆ, ಅಷ್ಟರಲ್ಲಿ ಬಾಗಿಲ ಹಿಂದೆ ನಿಂತ ಅವ್ವನ ಮುಖ ಕಂಡಿತು. ದುಬಾರಿ ವಸ್ತು ಹಾಳು ಮಾಡಿಬಿಟ್ಟೆ ಎಂಬ ಹೆದರಿಕೆಯಲ್ಲಿ ಅವಳ ತುಟಿ ಒಣಗಿತ್ತು. ಖಾಜಾ ಮಾತ್ರ ನಗಲಿಲ್ಲ. ಒಂದೊಂದೇ ಎಲೆ ಆರಿಸಿ ತೆಗೆದು, ಫ್ಯಾನು ತಿರುಗಿಸಿ ನೋಡಿ, ಅವಳ ಕಡೆ ತಿರುಗಿದ.

"ಯವ್ವಾ, ಎಲಿ ಹಾಕಿದ್ದು ಚಲೋನೇ ಮಾಡೀರಿ. ಜಾಗ ಒಂದು ತಪ್ಪ್ಯಾದ. ಇದರಾಗ ಎಲಿ ಇಡೋ ಜಾಗ ಬ್ಯಾರೆ ಅದ, ನಾ ಇಡ್ತೀನಿ. ಇನ್ನ ಮ್ಯಾಲ ವರ್ಷಾ ನಾನೇ ನೋಡಿಕೋತೀನಿ."

ಅವ್ವ ಅಂದು ಅವನಿಗೆ ಪುಂಡಿಪಲ್ಯ, ಬಿಸಿರೊಟ್ಟಿ ಬಡಿಸಿ, ಅವನು ಸಾಕು ಅಂದ ಮೇಲೂ ಬಡಿಸಿದಳು. ಮುದುಕಿಯ ಮನಸ್ಸಿಗೆ ನೋವಾಗಬಾರದು ಎಂದು ಹೇಳಿದ ಮಾತು ಅಂತ ನಾನು ತಿಳಿದೆ. ಎಷ್ಟು ಚೆಂದ ಸುಳ್ಳು ಹೇಳಿದೆಯೋ ಎಂದು ಅವನನ್ನು ಮೆಚ್ಚಿಯೂ ಇದ್ದೆ. ಅವನು ಹೂಂ ಅಂದಿದ್ದ.

ಅಲ್ಲಿಂದ ಬೇಸಿಗೆಗೆ ಮುಂಚೆ ಒಮ್ಮೆ ಅವನು ಕರೆಯದೇ ಬರುವುದು ಶುರುವಾಯಿತು. ದೂಳು ಹೊಡೆಯಬೇಕು ಅಂತ ಹೇಳುತ್ತಿದ್ದ. ಡಬ್ಬಿ ಬಿಚ್ಚಿ ನೆಲದ ಮೇಲೆ ಮಲಗಿಸಿ, ಅತ್ತ ಅವನು, ಇತ್ತ ನಾನು ಕೂರುತ್ತಿದ್ದೆವು. ಸ್ವಲ್ಪ ಹೊತ್ತಿಗೆ ನನ್ನನ್ನು ಚಹಾಕ್ಕೋ ಹಳೆ ಬ್ರಶ್ಶಿಗೋ ಒಳಗೆ ಅಟ್ಟುತ್ತಿದ್ದ. ದೂಳು ಹೊಡೆಯುವ ಕೆಲಸ ಎಷ್ಟು ಹೊತ್ತಿನದು? ನಮಗೆ ಬೆಳಗಿನಿಂದ ಸಂಜೆಯವರೆಗೆ ಬೇಕಾಗುತ್ತಿತ್ತು. ನಡುವೆ ಊಟ, ಊಟದ ಮೇಲೆ ಒಂದು ನಿದ್ದೆ, ದೇವದುರ್ಗದ ಓಣಿಯಲ್ಲಿ ಯಾರು ಯಾರನ್ನು ಕೂಡಿಕೊಂಡರು, ಯಾರ ಕುರಿ ಯಾರ ಹೊಲ ಮೇಯ್ದಿತು ಎಂಬ ಮಾತು. ಅವ್ವ ತೀರಿಕೊಂಡ ವರ್ಷವೂ ಬಂದ. ಅವಳ ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ, ಅದಾದ ಕೆಲವೇ ವಾರಕ್ಕೆ ಸ್ಕ್ರೂಡ್ರೈವರ್ ಹಿಡಿದು ಬಾಗಿಲಲ್ಲಿ ನಿಂತಿದ್ದ. ಈ ಹೊತ್ತು ಬೇಡ ಬಿಡು ಅಂದರೂ ಕೇಳಲಿಲ್ಲ.

ಆಮೇಲೆ ಅವನ ಬಲಗೈ ನಡುಗತೊಡಗಿತು.

ಮೊದಮೊದಲು ಚಹಾದ ಬಸಿ ಸದ್ದು ಮಾಡುತ್ತಿತ್ತು, ನಾವಿಬ್ಬರೂ ಕೇಳಿಸದಂತೆ ಇದ್ದೆವು. ಡಾಕ್ಟರು ಗುಳಿಗೆ ಕೊಟ್ಟರು. ಹೆಚ್ಚಾಗದಂತೆ ನೋಡಬಹುದು, ಹೋಗುವುದಿಲ್ಲ ಅಂದರು. ಅಂಗಡಿಯಲ್ಲಿ ಒಂದು ದಿನ ಯಾರದೋ ಕಂಪ್ಯೂಟರಿನ ಪ್ರೊಸೆಸರ್ ಕೂಡಿಸುವಾಗ ಕೈ ಅಲುಗಿ, ಕೂದಲಿನಷ್ಟು ಸಣ್ಣ ಪಿನ್ನುಗಳು ಬಾಗಿಹೋದವು. ಗಿರಾಕಿ ಒಳ್ಳೆಯವನು. ಪರವಾಗಿಲ್ಲ ಚಾಚಾ, ವಯಸ್ಸಾಯಿತಲ್ಲ ಅಂದನಂತೆ. ಬೈದಿದ್ದರೆ ಖಾಜಾ ಬೈದು ಸುಮ್ಮನಾಗುತ್ತಿದ್ದ. ಆ ಪರವಾಗಿಲ್ಲ ಎಂಬುದು ಅವನಿಗೆ ನಾಟಿತು. ಗಿರಾಕಿಗೆ ಬೇರೆ ಪ್ರೊಸೆಸರ್ ತರಿಸಿಕೊಟ್ಟು, ಶಟರ್ ಎಳೆದು, ಸಾಮಾನೆಲ್ಲ ಯಾರು ಯಾರಿಗೋ ಹಂಚಿ, ಮಾನ್ವಿಯಲ್ಲಿದ್ದ ಮಗಳು ಶಮೀಮಳ ಮನೆಗೆ ಹೋಗಿಬಿಟ್ಟ.

ನಡುವೆ ಒಮ್ಮೆ ನೋಡಲು ಹೋಗಿದ್ದೆ. ಹೆಗಲ ಮೇಲಿನ ವಸ್ತ್ರವನ್ನು ಬಲಗೈಗೆ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. ಭತ್ತದ ರೇಟು ಮಾತಾಡಿದ, ಬಿಸಿಲಿನ ಬಗ್ಗೆ ಮಾತಾಡಿದ. ಹುಟ್ಟಿದಾಗಿನಿಂದ ಗೊತ್ತಿರುವವನ ಜೊತೆ ಬಿಸಿಲಿನ ಬಗ್ಗೆ ಮಾತಾಡಿ ಎದ್ದು ಬಂದೆ. ರಾಯಚೂರಿಗೆ ಬಾ ಅಂದರೆ ಬಸ್ಸಿನಲ್ಲಿ ಗದ್ದಲ ಅಂದ. ಆ ಬೇಸಿಗೆಯಲ್ಲಿ ದೂಳು ಹೊಡೆಯಲು ಅವನು ಬರಲಿಲ್ಲ. ಕಂಪ್ಯೂಟರ್ ಬಹಳ ನಿಧಾನವಾಗಿದೆ ಮಾರಾಯಾ ಎಂದು ಫೋನಿನಲ್ಲಿ ಆಸೆ ತೋರಿಸಿದೆ. "ಗುಜರಿಗಿ ಹಾಕಲೇ ಬೀರ್ಯಾ, ಹೊಸಾದು ತಗೋ" ಅಂದುಬಿಟ್ಟ.

ತಾನೇ ಕೂಡಿಸಿದ್ದನ್ನು ಗುಜರಿಗೆ ಹಾಕು ಅನ್ನುವ ಮನುಷ್ಯ, ತನ್ನನ್ನೂ ಅದೇ ಗಾಡಿಗೆ ಏರಿಸಿಕೊಂಡಿದ್ದ. ಹೊಸ ಕಂಪ್ಯೂಟರ್ ನನಗೆ ಯಾಕೆ ಬೇಡವಾಗಿತ್ತು ಎಂಬುದೂ ಆ ಹೊತ್ತಿಗೇ ತಿಳಿಯಿತು. ಹೊಸದು ಕೆಡುವುದಿಲ್ಲ. ಕೆಡದ ಮೇಲೆ ಖಾಜಾ ನಮ್ಮ ಮನೆಗೆ ಯಾಕೆ ಬಂದಾನು? ಬಿಚ್ಚಿದ ಡಬ್ಬಿಯ ಆಚೆ ಕಡೆ ಅವನು ಕೂತಿರಬೇಕು, ನನಗೆ ಬೇಕಾದದ್ದು ಅಷ್ಟೇ.

ಒಂದು ಬೆಳಿಗ್ಗೆ ಹೆಂಡತಿಗೆ ಹೇಳಿದೆ, ಇದಕ್ಕೆ ಒಳಗಿನದೆಲ್ಲ ಹೊಸದು ಹಾಕಿಸುತ್ತೇನೆ ಅಂತ. ಪೇಟೆಗೆ ಹೋಗಿ ಹಳೆಯ ಹಾರ್ಡ್ ಡಿಸ್ಕಿನ ಬದಲಿಗೆ ಎಸ್‌ಎಸ್‌ಡಿ ಎಂಬ ಅಂಗೈಯಗಲದ ತೆಳು ಡಬ್ಬಿ, ಒಂದು ರ್‍ಯಾಮಿನ ಪಟ್ಟಿ, ಗುಂಡನೆಯ ಸೆಲ್ಲು ತಂದೆ. ಅಂಗಡಿಯವನು ನಾವೇ ಹಾಕಿಕೊಡುತ್ತೇವೆ ಅಂದ. ಇಲ್ಲ, ನಮ್ಮ ಮಿಸ್ತ್ರಿ ಇದ್ದಾನೆ ಅಂದೆ. ಅವ್ವನ ಕರಿ ಕಂಬಳಿ ಪೆಟ್ಟಿಗೆಯಿಂದ ತೆಗೆದು ಡಬ್ಬಿಗೆ ಸುತ್ತಿ ಸುತಳಿ ಕಟ್ಟಿದೆ. ಹೆಂಡತಿ ನೋಡುತ್ತ ನಿಂತಿದ್ದಳು. ನಗುತ್ತಾಳೆ ಅಂದುಕೊಂಡೆ. ಅವಳು ಬುತ್ತಿಯಲ್ಲಿ ನಾಲ್ಕು ರೊಟ್ಟಿ ಹೆಚ್ಚು ಕಟ್ಟಿಕೊಟ್ಟಳು.

ಮಾನ್ವಿಯ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಕಲ್ಮಲದಲ್ಲಿ ಹತ್ತಿದ ಮುದುಕಿಯೊಬ್ಬಳು ಪಕ್ಕದಲ್ಲಿ ಕೂತು ಕಂಬಳಿಯನ್ನೇ ನೋಡಿದಳು. ಒಳಗೆ ಮರಿ ಇದೆಯೇನಪ್ಪಾ, ಉಸಿರಾಡಲು ಬಿಡಬಾರದೇ ಎಂದು ಬೈದು, ನಾನು ಬಾಯಿ ತೆರೆಯುವುದರೊಳಗೆ ಮೂಲೆ ಸರಿಸಿದಳು. ಒಳಗೆ ಅವ್ವ ಬಳಿದ ಭಂಡಾರ ಕಂಡಿತು. ಕಂಬಳಿ, ಕಂಬಳಿಯೊಳಗೆ ಹಳದಿ. ನಮ್ಮ ಕಡೆ ದೇವರನ್ನು ಊರಿಂದ ಊರಿಗೆ ಒಯ್ಯುವುದು ಹಾಗೆಯೇ. ಅವಳು ಗಾಬರಿಯಾಗಿ ಚಪ್ಪಲಿ ಬಿಟ್ಟು, ಭಂಡಾರ ಮುಟ್ಟಿ ಹಣೆಗೆ ಹಚ್ಚಿಕೊಂಡಳು. ಹಿಂದಿನ ಸೀಟಿನವರು ಎದ್ದು ನೋಡಿದರು. ಇದು ಕಂಪ್ಯೂಟರ್ ಯವ್ವಾ ಎಂದೆ. "ಯಾವ್ದರೇ ಇರವಲ್ದ್ಯಾಕ, ಚಂದಗ ಹಿಡಕೋ" ಅಂದು, ಇಳಿಯುವವರೆಗೂ ಅದರ ಮೇಲೆ ಒಂದು ಕೈ ಇಟ್ಟುಕೊಂಡೇ ಕೂತಳು. ಲಗೇಜು ಟಿಕೆಟ್ಟಿಗೆ ಬಂದ ಕಂಡಕ್ಟರನೂ ಏನು ಅಂದುಕೊಂಡನೋ, ಮುಂದೆ ಹೋದ.

ಶಮೀಮ ಬಾಗಿಲು ತೆಗೆದು, ಬರ್ರಿ ಕಾಕಾ ಅಂದವಳು ಕಂಬಳಿ ಕಂಡು ಪಕ್ಕಕ್ಕೆ ಸರಿದಳು. ಖಾಜಾ ಅಂಗಳದ ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಕೂತಿದ್ದ. ಸುತಳಿ ಬಿಚ್ಚಿ ಡಬ್ಬಿಯನ್ನು ಅವನೆದುರು ಚಾಪೆಯ ಮೇಲೆ ಮಲಗಿಸಿದೆ. ಅವನ ಮುಖ ಕೆಂಪಾಯಿತು.

"ಯಾಕ ತಂದಿ ಇದನ್ನ? ಅಣಕಸಾಕ ಬಂದೀಯೇನು?"

ನಾನು ಡಬ್ಬಿಯ ಇತ್ತ ಕಡೆ ಚಾಪೆಯ ಮೇಲೆ ಕೂತೆ. ಅವನ ಕೈ ವಸ್ತ್ರದೊಳಗೇ ಇತ್ತು. ಶಮೀಮ ಚಹಾ ತಂದಿಟ್ಟು ಒಳಗೆ ಹೋದಳು, ಕಿಟಕಿಯ ಹಿಂದೆ ಅವಳ ಬಳೆಯ ಸದ್ದು ಬಂದು ನಿಂತಿತು. ಕುಡಿದು ಮುಗಿಸಿ ನಾನೇ ಸ್ಕ್ರೂಡ್ರೈವರ್ ಹಿಡಿದೆ. ಹಸುವಿನ ನರಕ್ಕೆ ಸೂಜಿ ಚುಚ್ಚಿದ ಕೈ ನನ್ನದು, ಇದೇನು ಮಹಾ ಎಂದು ಹಿಂಭಾಗದ ಸ್ಕ್ರೂ ತಿರುಗಿಸಿದೆ. ಒಂದು ಬಿಚ್ಚಿದೆ, ಎರಡು ಬಿಚ್ಚಿದೆ, ತಗಡು ಅಲುಗಲಿಲ್ಲ. ಒಳಗೆ ಏನೋ ಭಾರದ್ದು ದಡ್ ಎಂದು ಜರುಗಿತು.

"ಅದು ಪವರ್ ಸಪ್ಲೈದ್ದಲೇ" ಎಂದ ಖಾಜಾ. ಅವನ ಕಣ್ಣು ಮಾತ್ರ ಬೇವಿನ ಗಿಡದ ಮೇಲಿತ್ತು. ಅತ್ತಲೇ ನೋಡುತ್ತ, "ಅಂಚಿಗಿ ನೋಡು. ಅಲ್ಲಿ ಎರಡು ಅವ" ಅಂದ.

ಅಲ್ಲಿಂದ ಅವನು ಗದ್ದದಲ್ಲೇ ತೋರಿಸತೊಡಗಿದ, ನಾನು ಮಾಡತೊಡಗಿದೆ. ತಗಡು ಬಂತು. ವರ್ಷ ದಾಟಿದ ದೂಳು ಊದಿ ನಾನು ಕೆಮ್ಮಿದರೆ, ಹೊರಗೆ ತಿರುಗಿಸಿ ಊದಬೇಕು ದನದ ಡಾಕ್ಟರೇ ಅಂದ. ಬೈಗುಳ ಶುರುವಾದದ್ದು ಕೇಳಿ ನನ್ನ ಜೀವ ಹಗುರಾಯಿತು. ಸತ್ತ ಸೆಲ್ಲು ತೆಗೆದು ಹೊಸದು ಹಾಕುವಾಗ ಮಾತ್ರ ಒಂದು ಗಳಿಗೆ ಕೈ ತಡೆಯಿತು. ಇನ್ನು ಬೆಳಿಗ್ಗೆ ಆ ಹಳೆಯ ಇಸವಿ ಬರುವುದಿಲ್ಲ. ಖಾಜಾನಿಗೆ ಅದು ಹೇಗೆ ತಿಳಿಯಿತೋ, ಹಾಕು, ಹಾಕು ಎಂದು ಮೆಲ್ಲಗೆ ಅಂದ.

ಆಮೇಲೆ ರ್‍ಯಾಮಿನ ಸರದಿ. ಹೊಸ ಪಟ್ಟಿಯನ್ನು ಹೇಗೆ ಹಿಡಿದರೂ ಸೀಳಿನಲ್ಲಿ ಇಳಿಯಲಿಲ್ಲ. ಪಟ್ಟಿಯ ಕಚ್ಚು ಒಂದು ಕಡೆ, ಸೀಳಿನ ಅಡ್ಡಗೋಡೆ ಇನ್ನೊಂದು ಕಡೆ. ಒತ್ತಲು ಹೋದೆ. ಅವನು ಹೊರಸಿನಿಂದ ಅರ್ಧ ಎದ್ದು ತಡೆದ. ಇದು ಈಗಿನ ಕಾಲದ್ದು, ನಮ್ಮ ಬೋರ್ಡು ಹಿಂದಿನ ತಲೆಮಾರಿನದು, ಒಂದಕ್ಕೊಂದು ಕೂಡುವುದಿಲ್ಲ ಎಂದು ವಿವರಿಸಿದ. ಕಿವಿ ಟ್ಯಾಗು ನೋಡಿ ಕುರಿ ಹೇಳುತ್ತೀ, ಕಚ್ಚು ನೋಡಿ ರ್‍ಯಾಮು ತರಲು ಬರುವುದಿಲ್ಲವೇ ಎಂದ. ನಾನು ಬೇಕೆಂದೇ ತಪ್ಪು ತಂದೆ ಎಂದು ಹೆಂಡತಿ ಈಗಲೂ ನಂಬಿದ್ದಾಳೆ. ಅಷ್ಟು ಬುದ್ಧಿ ನನಗಿದೆ ಎಂದು ಅವಳು ನಂಬಿದ್ದು ಇದೊಂದೇ ವಿಷಯದಲ್ಲಿ, ಹಾಗಾಗಿ ನಾನೂ ತಿದ್ದಲು ಹೋಗಿಲ್ಲ. ನಿಜವಾಗಿ ನನಗೆ ಕಚ್ಚಿನ ಸುದ್ದಿಯೇ ಗೊತ್ತಿರಲಿಲ್ಲ.

ಇನ್ನು ರಾಯಚೂರಿಗೆ ಹೋಗಿ ಬದಲಿಸಿ ತರಬೇಕು ಎಂದು ನಾನು ಮೋರೆ ಸಣ್ಣ ಮಾಡಿಕೊಂಡು ಕೂತೆ. ಖಾಜಾ ಎದ್ದ. ಒಳಗೆ ಹೋದ. ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದು ಬಂತು, ಅದರ ಹಿಂದೆಯೇ ತಗಡಿನ ಡಬ್ಬಿಯೊಂದು ಗಲಗಲ ಅನ್ನುವ ಸದ್ದು ಅಂಗಳದವರೆಗೆ ನಡೆದು ಬಂತು. ಬಿಸ್ಕೀಟಿನ ಹಳೆ ಡಬ್ಬಿ, ಎರಡೂ ಕೈಯಲ್ಲಿ ಹಿಡಿದಿದ್ದ. ವಸ್ತ್ರ ಒಳಗೇ ಉಳಿದಿತ್ತು. ಕೈ ನಡುಗಿದ ಹಾಗೆಲ್ಲ ಒಳಗಿನ ಸಾಮಾನು ಸದ್ದು ಮಾಡುತ್ತಿತ್ತು, ಅಡಗಿಸಲು ಆಗುವಂಥದ್ದಲ್ಲ. ಎಲ್ಲ ಹಂಚಿಬಿಟ್ಟೆ ಎಂದು ಹೇಳಿದ್ದವನು ಇದೊಂದನ್ನು ಬಟ್ಟೆಗಳ ಕೆಳಗೆ ಇಟ್ಟುಕೊಂಡಿದ್ದ. ನನಗೆ ಅಳು ಬಂತು. ದೂಳು ಹೋಯಿತು ಎಂದು ಕಣ್ಣು ಒರೆಸಿಕೊಂಡೆ. ಅಂಗಳದಲ್ಲಿ ದೂಳು ಸಾಕಷ್ಟಿದ್ದದ್ದರಿಂದ ನಡೆದುಹೋಯಿತು.

ಡಬ್ಬಿಯಿಂದ ನಮ್ಮ ಬೋರ್ಡಿಗೆ ಒಪ್ಪುವ ಎರಡು ಪಟ್ಟಿ ಆರಿಸಿಕೊಟ್ಟ. ಎರಡೂ ತುದಿಗೆ ಹೆಬ್ಬೆರಳಿಟ್ಟು ಒತ್ತು, ಟಕ್ ಅಂದರೆ ಬಿಡು ಎಂದ. ಒತ್ತಿದೆ, ಟಕ್ ಅಂದಿತು. ಉಳಿದದ್ದು ಎಸ್‌ಎಸ್‌ಡಿ. ಮುಂದಿನ ಭಾಗದಲ್ಲಿ ಕೆಳಗೆ ಒಂದು ಖಾಲಿ ಗೂಡು ಇದೆ, ಅಲ್ಲಿ ಕೂಡಿಸು ಎನ್ನಬೇಕಾದವನು ಯಾಕೋ ತಡವರಿಸಿದ. ಮೇಲಿನ ಗೂಡಿನಲ್ಲಿ ಹಾಕು, ಕೆಳಗಿನದು ಬೇಡ ಅಂದ. ನನ್ನ ಬೆರಳು ಆಗಲೇ ಕೆಳಗಿನ ಗೂಡಿನೊಳಗೆ ಹೋಗಿತ್ತು. ಏನೋ ಮೆತ್ತಗಿನದು ಸಿಕ್ಕಿತು.

ಹೊರಗೆ ತೆಗೆದೆ. ಬಿಳಿ ಮಸ್ಲಿನ್ ಬಟ್ಟೆಯ ಒಂದು ಪುಟ್ಟ ಗಂಟು. ಅತ್ತಿತ್ತ ಜರುಗಿ ಫ್ಯಾನಿಗೆ ತಾಗದಂತೆ ತಾಮ್ರದ ತಂತಿಯಿಂದ ಗೂಡಿಗೆ ಕಟ್ಟಿತ್ತು. ಬಿಚ್ಚಿದೆ. ಬೇವಿನ ಎಲೆ. ಮುಟ್ಟಿದರೆ ಪುಡಿಯಾಗುವಷ್ಟು ಒಣಗಿದ್ದವು, ಆದರೂ ಆ ಕಹಿ ವಾಸನೆ ಇನ್ನೂ ಇತ್ತು. ಅವ್ವ ಹೋಗಿ ಬಹಳ ವರ್ಷವಾಗಿತ್ತು. ಅವಳು ಇಟ್ಟ ಎಲೆ ಇಷ್ಟು ದಿನ ಇರುವುದಿಲ್ಲ.

"ಯವ್ವಗ ಮಾತು ಕೊಟ್ಟಿದ್ನಲ್ಲೋ" ಎಂದ ಖಾಜಾ. "ವರ್ಷಾ ಬದಲಿ ಮಾಡತಿದ್ದೆ. ಈ ಸಲ ಬರಾಕ ಆಗಲಿಲ್ಲ."

ನನ್ನನ್ನು ಚಹಾಕ್ಕೆ, ಹಳೆ ಬ್ರಶ್ಶಿಗೆ ಒಳಗೆ ಅಟ್ಟುತ್ತಿದ್ದದ್ದು ಯಾಕೆ ಎಂದು ಆಗ ಗೊತ್ತಾಯಿತು. ಸುಳ್ಳು ಎಂದು ನಾನು ಮೆಚ್ಚಿದ್ದ ಮಾತನ್ನು ಅವನು ವರ್ಷ ವರ್ಷ ನಡೆಸಿದ್ದ. ಅವ್ವ ತೀರಿಕೊಂಡ ಮೇಲೂ ನಡೆಸಿದ್ದ, ಬಹುಶಃ ಆಮೇಲೆ ಇನ್ನಷ್ಟು. ನಾವಿಬ್ಬರೂ ಆ ಗಂಟನ್ನು ನಡುವೆ ಇಟ್ಟುಕೊಂಡು ಕೂತೆವು. ಶಮೀಮ ಕೂಡ ಹೊರಗೆ ಬಂದು ನಿಂತಳು.

ತಲೆಯ ಮೇಲೇ ಬೇವಿನ ಗಿಡ. ನಾನು ಎದ್ದು ಒಂದು ಕೊಂಬೆ ಬಗ್ಗಿಸಿ ಎಲೆ ಕೀಳಲು ಹೋದೆ. ಖಾಜಾ ಜೋರಾಗಿ ಬೇಡ ಅಂದ. ಹಸಿ ಎಲೆ ಒಳಗೆ ಇಡಬಾರದು, ಅದು ನೀರು ಬಿಟ್ಟರೆ ಬೋರ್ಡು ಹೋಗುತ್ತದೆ, ಕಿತ್ತು ನೆರಳಲ್ಲಿ ಒಣಗಿಸಬೇಕು, ಬಿಸಿಲಿಗೆ ಹಾಕಿದರೆ ಸತ್ವ ಹೋಗುತ್ತದೆ ಎಂದು ಅವ್ವನ ಮಾತನ್ನೇ ಅವಳ ಧ್ವನಿಯಲ್ಲೇ ಹೇಳಿದ. ಎಲೆ ಒಣಗುವವರೆಗೆ ಡಬ್ಬಿ ಇಲ್ಲೇ ಇರಲಿ ಎಂದೂ ಅಂದ. ನಾವು ಹೆಂಡತಿ ಕಟ್ಟಿದ ರೊಟ್ಟಿ ತಿಂದೆವು. ಅವನ ಕೈಯಿಂದ ಪಲ್ಯ ಚಾಪೆಗೆ ಚೆಲ್ಲಿತು. ಮುಚ್ಚಿಡುವ ಗಡಿಬಿಡಿ ಮಾಡದೆ ಒರೆಸಿದ. ನಾನು ಕಂಬಳಿಯನ್ನೂ ಅಲ್ಲೇ ಬಿಟ್ಟು, ಬರಿಗೈಯಲ್ಲಿ ಬಸ್ಸು ಹತ್ತಿದೆ.

ವಾರದ ಮೇಲೆ ಹೋದಾಗ ಶಮೀಮ ಬಾಗಿಲಲ್ಲೇ ತಡೆದು ಪಿಸುಮಾತಿನಲ್ಲಿ, "ಅಬ್ಬಾ ಅದರ ಮುಂದಿಂದ ಎದ್ದಿಲ್ರಿ ಕಾಕಾ" ಅಂದಳು. ಒಳಗೆ ಅವರ ಟಿವಿಗೇ ತಂತಿ ಸಿಕ್ಕಿಸಿ, ಹಳೆಯ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ಇಳಿಸಿಟ್ಟಿದ್ದ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು, ಯಾರಿಂದಲೋ ತರಿಸಿದ್ದ ಮೌಸು ನಡೆಸುತ್ತಿದ್ದ. ಒಂದು ಕಡೆ ಹೋಗಬೇಕಾದ ಬಾಣ ಮೂರು ಕಡೆ ಹೋಗಿ ಬರುತ್ತಿತ್ತು, ಅವನಿಗೆ ಅವಸರವಿರಲಿಲ್ಲ. ಗುಂಡಿ ಒತ್ತಿ ತೋರಿಸಿದ. ನಾನು ಕುರ್ಚಿ ಎಳೆದುಕೊಳ್ಳುವುದರೊಳಗೆ ತೆರೆದುಕೊಂಡಿತ್ತು.

ಮುಚ್ಚುವ ಮುಂಚೆ ಎಲೆ ತಂದ. ಒಣಗಿಯೂ ಹಸಿರು ಉಳಿದಿತ್ತು. ಬಟ್ಟೆಯಲ್ಲಿ ಸುರಿದು ಅಂಚು ಕೂಡಿಸಿದ. ನಾನು ಕಟ್ಟಲು ಕೈ ಚಾಚಿದೆ, ಅವನು ಕೊಡಲಿಲ್ಲ. ದಾರ ಒಂದು ಸಲ ಜಾರಿತು, ಮತ್ತೂ ಜಾರಿತು. ನಾನು ಅಂಗಳದ ಕೋಳಿಗಳನ್ನು ನೋಡುತ್ತ ಕೂತೆ. ಕಡೆಗೆ ಗಂಟು ಬಿತ್ತು. ಗೂಡಿಗೆ ಕಟ್ಟಿ, ತಗಡು ಮುಚ್ಚಿ, ಉಳಿದ ಒಂದು ಸ್ಕ್ರೂವನ್ನು ನನ್ನ ಜೇಬಿಗೆ ಹಾಕಿದ. ಬೀಳ್ಕೊಡುವಾಗ, ಗಂಟು ಸಡಿಲಾದರೆ ಹೇಳು ಎಂದ. ನಡುಗುವ ಕೈ ಹಾಕಿದ ಗಂಟು, ಅದರ ಮೇಲೆ ತನಗೇ ಭರವಸೆ ಇಲ್ಲ ಎಂದ.

ಈಗ ಬೆಳಿಗ್ಗೆ ಗುಂಡಿ ಒತ್ತಿದರೆ ನನಗೆ ಬ್ಲೇಡು ಹುಡುಕುವಷ್ಟೂ ಸಮಯ ಸಿಗುವುದಿಲ್ಲ. ಸದ್ದಿಲ್ಲ, ಮಗ್ಗುಲು ಮುಟ್ಟಿದರೆ ತಣ್ಣಗೆ. ತಾರೀಖು ಇವತ್ತಿನದೇ. ಮೊದಲ ದಿನ ಅದರ ಎದುರು ಏನು ಮಾಡಬೇಕೋ ತಿಳಿಯದೆ ಕೂತಿದ್ದೆ. ಎರಡನೆಯ ದಿನ ಬಾಗಿಲು ಹಾಕಿಕೊಂಡು ತಗಡು ಬಿಚ್ಚಿ ಕೆಳಗಿನ ಗೂಡಿಗೆ ಬೆರಳು ಹಾಕಿದೆ. ಗಂಟು ಕಲ್ಲಿನಂತೆ ಬಿಗಿಯಾಗಿತ್ತು. ಎಳೆದು ನೋಡಿದೆ, ಬಿಚ್ಚಲು ಉಗುರೂ ಇಳಿಯಲಿಲ್ಲ.

ತಗಡು ಮುಚ್ಚಿ ಫೋನು ಹಚ್ಚಿದೆ.

"ಖಾಜಾ, ಗಂಟು ಸಡಿಲಾಗೇದಲೇ."

ಆ ಕಡೆ ಅಂಗಳದ ಕೋಳಿಗಳ ಸದ್ದು ಕೇಳುತ್ತಿತ್ತು.

"ಸಡಿಲಾಗೇ ಆಗತದ ಬಿಡು" ಎಂದ. "ನಾಳಿ ಮುಂಜಾನಿ ಬಸ್ಸಿಗಿ ಬರ್ತೀನಿ. ಪುಂಡಿಪಲ್ಯ ಮಾಡಂತ ಹೇಳು."